ಐರಿಷ್ ಅಡ್ಡಹೆಸರಿನ ಮೂಲವನ್ನೂ ಲಾಂಛನವನ್ನೂ ಪತ್ತೆಹಚ್ಚುವ ಕ್ರಮ: ಕೆಲ್ಲಿ ಮನೆತನದ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಐರಿಷ್ ಅಡ್ಡಹೆಸರಿನ ಮೂಲ ಹುಡುಕಲು ಹೊರಟವರಲ್ಲಿ ಬಹಳ ಮಂದಿ ಮೊದಲು ಲಾಂಛನದ (ಗುರಾಣಿಯ ಮೇಲೆ ಬಿಡಿಸುವ ಮನೆತನದ ಚಿಹ್ನೆ, ಇಂಗ್ಲಿಷಿನಲ್ಲಿ ಕೋಟ್ ಆಫ್ ಆರ್ಮ್ಸ್) ಫಲಕವನ್ನು ಕೊಂಡು ಗೋಡೆಗೆ ತೂಗುಹಾಕುತ್ತಾರೆ, ಅಜ್ಜ ಯಾವ ಊರಿನವನೆಂದು ಆಮೇಲೆ ಕೇಳುತ್ತಾರೆ. ಕೆಲಸ ಕೆಡುವುದು ಇಲ್ಲಿಯೇ. ಬೆಂಗಳೂರು ದಂಡು ಪ್ರದೇಶದ ಅಥವಾ ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಕುಟುಂಬದವರಾಗಲಿ, ಡಬ್ಲಿನ್ನಿನಲ್ಲಿ ನೆಲೆಸಿ ಅಲ್ಲಿಯೇ ಸಂಬಂಧ ಬೆಳೆಸಿದ ಕನ್ನಡಿಗರಾಗಲಿ, ಎಡವುವ ಜಾಗ ಒಂದೇ. ಆದ್ದರಿಂದ ಈ ಬರಹದಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ: ಮೊದಲು ವ್ಯಕ್ತಿ, ಆಮೇಲೆ ಊರು, ಊರಿನಿಂದ ಕುಲ, ಕುಲದಿಂದ ಲಾಂಛನ. ಉದಾಹರಣೆಗೆ ಕೆಲ್ಲಿ ಎಂಬ ಹೆಸರನ್ನು ತೆಗೆದುಕೊಂಡಿದ್ದೇನೆ. ಐರ್ಲೆಂಡಿನಲ್ಲಿ ಮರ್ಫಿಯ ನಂತರ ಅತಿ ಹೆಚ್ಚು ಜನರಿಗಿರುವ ಹೆಸರು ಅದು. ಆದಕಾರಣ ಅತಿ ಹೆಚ್ಚು ತಪ್ಪುಗಳು ಆಗುವುದೂ ಅದರಲ್ಲಿಯೇ.

## ಆರಂಭಿಸುವ ಮೊದಲು: ಬೇಕಾದ ಸಲಕರಣೆಗಳು

ಒಂದು ಸ್ಪ್ರೆಡ್‌ಶೀಟ್ ತೆರೆದು ಹೆಸರು, ದಾಖಲೆಯಲ್ಲಿ ಕಂಡ ಕಾಗುಣಿತ, ಘಟನೆ, ದಿನಾಂಕ, ಸ್ಥಳ, ದಾಖಲೆ ಸಿಕ್ಕ ಜಾಗ ಎಂಬ ಆರು ಅಂಕಣಗಳನ್ನು ಹಾಕಿಕೊಳ್ಳಿ. ಕೊನೆಯ ಅಂಕಣವನ್ನು ಖಾಲಿ ಬಿಟ್ಟವರು ಆರು ತಿಂಗಳ ನಂತರ ಅದೇ ದಾಖಲೆಯನ್ನು ಎರಡನೆಯ ಸಲ ಹುಡುಕುತ್ತಾರೆ.

ಹುಡುಕಾಟಕ್ಕೆ ಹಣ ಕಟ್ಟುವ ತಾಣಗಳಿಗೆ ಮೊದಲೇ ಚಂದಾದಾರರಾಗಬೇಕಾಗಿಲ್ಲ. ಐರ್ಲೆಂಡ್ ಸರ್ಕಾರದ ಐರಿಷ್‌ಜೀನಿಯಾಲಜಿ ತಾಣದಲ್ಲಿ ನೂರು ವರ್ಷ ಹಳೆಯದಾದ ಜನನ, ಎಪ್ಪತ್ತೈದು ವರ್ಷ ಹಳೆಯದಾದ ವಿವಾಹ ಮತ್ತು ಐವತ್ತು ವರ್ಷ ಹಳೆಯದಾದ ಮರಣ ನೋಂದಣಿಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. 1901 ಮತ್ತು 1911ರ ಜನಗಣತಿ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿವೆ, ಕ್ಯಾಥೊಲಿಕ್ ಚರ್ಚುಗಳ ರಿಜಿಸ್ಟರುಗಳು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿವೆ. ಸ್ಥಳನಾಮಗಳಿಗೆ ಲಾಗಿನ್ಮ್ (logainm) ಎಂಬ ಅಧಿಕೃತ ಕೋಶವಿದೆ. ಉತ್ತರ ಐರ್ಲೆಂಡಿನ ಆರು ಕೌಂಟಿಗಳ (ನಮ್ಮ ಜಿಲ್ಲೆಯಂಥ ಘಟಕಗಳ) ದಾಖಲೆಗಳಿಗೆ ಬೆಲ್‌ಫಾಸ್ಟಿನ ಸಾರ್ವಜನಿಕ ದಾಖಲೆ ಕಚೇರಿಯನ್ನು ನೋಡಬೇಕು.

## ಹಂತ 1: ಹೆಸರನ್ನು ಬಿಡಿಸಿ ನೋಡುವುದು

ಕೆಲ್ಲಿ ಎಂಬುದು ಓ ಕ್ಯಾಲ್ಲಿ ಎಂಬ ಗೇಲಿಕ್ (ಐರಿಷ್ ಭಾಷೆಯ) ರೂಪದ ಇಂಗ್ಲಿಷ್ ಕಾಗುಣಿತ. 'ಓ' ಎಂದರೆ ಮೊಮ್ಮಗ ಅಥವಾ ವಂಶಜ, 'ಮ್ಯಾಕ್' ಎಂದರೆ ಮಗ. ಇಲ್ಲಿ ಕ್ಯಾಲಖ್ ಎಂಬ ಪುರುಷನ ವಂಶಜ ಎಂದು ಅರ್ಥ. ಕ್ಯಾಲಖ್ ಎಂಬ ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯುದ್ಧ ಎನ್ನುವವರಿದ್ದಾರೆ, ಹೊಳೆಯುವ ತಲೆಯವನು ಎನ್ನುವವರಿದ್ದಾರೆ, ಚರ್ಚಿಗೆ ನಡೆದುಕೊಳ್ಳುವವನು ಎನ್ನುವವರೂ ಇದ್ದಾರೆ. ಒಂದೇ ಅರ್ಥವನ್ನು ಖಚಿತವೆಂಬಂತೆ ಅಚ್ಚುಹಾಕಿದ ಪ್ರಮಾಣಪತ್ರವನ್ನು ಯಾರಾದರೂ ಕೊಟ್ಟರೆ ಅನುಮಾನಿಸಲು ಅದೇ ಸಾಕು.

ಕ್ಯಾಲಖ್ ಎಂಬುದು ಆ ಕಾಲದಲ್ಲಿ ಬಳಕೆಯಲ್ಲಿದ್ದ ಸಾಮಾನ್ಯ ಹೆಸರಾಗಿದ್ದರಿಂದ, ದ್ವೀಪದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಕ್ಯಾಲಖ್‌ಗಳ ವಂಶಜರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆಯೇ ಓ ಕ್ಯಾಲ್ಲಿಗಳಾದರು. ಗಾಲ್ವೇ ಮತ್ತು ರೋಸ್ಕಾಮನ್ ಕೌಂಟಿಗಳಲ್ಲಿ ಹರಡಿದ 'ಈ ವಾನ್ಯ' ಎಂಬ ಹೆಸರಿನ ಸೀಮೆಯ ಕುಲ (ಇಲ್ಲಿ 'ಈ' ಎಂಬುದು ಹೆಸರಿನದೇ ಭಾಗ) ಇವುಗಳಲ್ಲಿ ದೊಡ್ಡದು. ಮೀತ್, ಲೀಶ್, ವಿಕ್ಲೋ, ಡೆರಿ ಕೌಂಟಿಗಳಲ್ಲಿ ಬೇರೆ ಕುಲಗಳಿದ್ದವು. ಬೆಳಗಾವಿಯಿಂದ ಬೀದರಿನವರೆಗಿನ ಪಾಟೀಲರೆಲ್ಲ ಒಬ್ಬನೇ ಮೂಲಪುರುಷನ ಸಂತಾನವೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಐರಿಷ್ ಹೆಸರು ಕಂಡಾಗ ಮಾತ್ರ ಆ ವಿವೇಕವನ್ನು ಪಕ್ಕಕ್ಕಿಡುತ್ತೇವೆ.

ಈ ಹಂತದಲ್ಲಿ ಆಗುವ ತಪ್ಪುಗಳು ಕೆಲವಿವೆ. 'ಓ' ಇಲ್ಲದ ಕೆಲ್ಲಿ ಬೇರೆ, ಇರುವ ಕೆಲ್ಲಿ ಬೇರೆ ಎಂದು ತಿಳಿಯುವುದು ಮೊದಲನೆಯದು. ಇಂಗ್ಲಿಷ್ ಆಡಳಿತದ ಕಾಲದಲ್ಲಿ ಸಾವಿರಾರು ಕುಟುಂಬಗಳು ಈ ಪೂರ್ವಪದವನ್ನು ಬಿಟ್ಟವು, 19ನೆಯ ಶತಮಾನದ ಕೊನೆಯಲ್ಲಿ ಗೇಲಿಕ್ ಪುನರುಜ್ಜೀವನದೊಂದಿಗೆ ಕೆಲವರು ಮರಳಿ ಸೇರಿಸಿಕೊಂಡರು; ಒಂದೇ ಮನೆಯ ಅಣ್ಣ ಕೆಲ್ಲಿಯಾಗಿ ತಮ್ಮ ಓಕೆಲ್ಲಿಯಾಗಿ ದಾಖಲಾಗಿದ್ದರೆ ಅಚ್ಚರಿಪಡಬೇಕಾಗಿಲ್ಲ. 'ಮ್ಯಾಕ್' ಎಂದು ಪೂರ್ತಿ ಬರೆದರೆ ಸ್ಕಾಟಿಷ್, 'ಎಂಸಿ' ಎಂದು ಕಿರಿದಾಗಿ ಬರೆದರೆ ಐರಿಷ್ ಎಂಬ ಮಾತಿಗೂ ಆಧಾರವಿಲ್ಲ, ಎರಡನೆಯದು ಮೊದಲನೆಯದರ ಸಂಕ್ಷೇಪವಷ್ಟೆ. ಐರಿಷ್ ಭಾಷೆಯ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ 'ಓ' ಬದಲು 'ನೀ', ವಿವಾಹಿತೆಯರಿಗೆ 'ಈ' ಬರುತ್ತದೆ. ಇದನ್ನು ಬೇರೆ ಮನೆತನವೆಂದು ಎಣಿಸಬಾರದು. ಮ್ಯಾನ್ ದ್ವೀಪದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಕೆಲ್ಲಿಗಳಿದ್ದಾರೆ, ಇಂಗ್ಲೆಂಡಿನ ಡೆವನ್‌ನಲ್ಲಿ ಕೆಲ್ಲಿ ಎಂಬ ಊರೇ ಇದ್ದು ಅದರಿಂದ ಹೆಸರು ಪಡೆದ ಮನೆತನವೂ ಇದೆ.

ಹೆಸರಿನ ಸದ್ದನ್ನು ನಂಬಬೇಡಿ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ, 1875ರಲ್ಲಿ ಕೋಲಾರದಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಐರಿಷ್ ಸೈನಿಕನಾಗಿದ್ದವನು. ಅಡ್ಡಹೆಸರು ಕಿವಿಗೆ ಫ್ರೆಂಚಿನಂತೆ ಕೇಳಿದರೂ, ಮೇಯೋ ಕೌಂಟಿಯಲ್ಲಿ ಹೆಚ್ಚಾಗಿ ಕಾಣುವ ಗೇಲಿಕ್ ಹೆಸರೊಂದರ ಇಂಗ್ಲಿಷ್ ರೂಪವದು.

## ಹಂತ 2: ಹತ್ತಿರದಿಂದ ಹಿಂದಕ್ಕೆ ಹೋಗುವುದು

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು, 11ನೆಯ ಶತಮಾನದ ರಾಜನಿಂದ ಮುಂದಕ್ಕೆ ಅಲ್ಲ. ಮನೆಯಲ್ಲಿರುವ ಬ್ಯಾಪ್ಟಿಸಂ ಚೀಟಿ, ಪಿಂಚಣಿ ಪತ್ರ, ಬೈಬಲ್ಲಿನ ಮೊದಲ ಪುಟ, ಸಮಾಧಿಕಲ್ಲಿನ ಬರಹ, ಹಿರಿಯರ ನೆನಪು ಇವನ್ನೆಲ್ಲ ಮೊದಲು ಸ್ಪ್ರೆಡ್‌ಶೀಟಿಗೆ ಇಳಿಸಿ, ಪ್ರತಿ ತಲೆಮಾರಿಗೂ ಕನಿಷ್ಠ ಎರಡು ದಾಖಲೆಗಳು ಹೊಂದುವಂತೆ ನೋಡಿಕೊಳ್ಳಿ.

ಭಾರತದ ಶಾಖೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಬ್ರಿಟಿಷ್ ಗ್ರಂಥಾಲಯದಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಬ್ಯಾಪ್ಟಿಸಂ, ವಿವಾಹ ಮತ್ತು ಸಮಾಧಿ ವಿವರಗಳು ಪ್ರೆಸಿಡೆನ್ಸಿವಾರು ಇವೆ. ಬೆಂಗಳೂರಿನವನ್ನು ಎನ್/2 ಎಂಬ ಮದ್ರಾಸ್ ಸರಣಿಯಲ್ಲಿ ಹುಡುಕಬೇಕು, ಎನ್/3 ಎಂಬ ಮುಂಬಯಿ ಸರಣಿಯಲ್ಲಿ ಅಲ್ಲ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಉಚಿತ ಸೂಚಿಯೂ ಉಪಯುಕ್ತ. ಪೂರ್ವಜನು ಬ್ರಿಟಿಷ್ ಸೇನೆಯ ಸಿಪಾಯಿಯಾಗಿದ್ದರೆ, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯುಓ 97 ಸರಣಿಯ ನಿವೃತ್ತಿ ಪತ್ರದಲ್ಲಿ ಅವನು ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಹತ್ತಿರದ ಪಟ್ಟಣ ಮತ್ತು ಕೌಂಟಿಯ ಹೆಸರು ಸಾಮಾನ್ಯವಾಗಿ ಇರುತ್ತದೆ. ಆ ಒಂದು ಸಾಲಿಗಾಗಿ ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯಬಹುದು, ಏಕೆಂದರೆ ಅದಿಲ್ಲದೆ ಮುಂದಿನ ಹಂತವೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದವರ ದಾಖಲೆಗಳು ಇಂಡಿಯಾ ಆಫೀಸಿನ ಸೇನಾ ಸರಣಿಯಲ್ಲಿ ಬೇರೆಯಾಗಿವೆ.

ಐರ್ಲೆಂಡಿನ ಒಳಗೆ ಸರಪಳಿ ಹೀಗೆ ಕಟ್ಟಬೇಕು: ವಿವಾಹ ನೋಂದಣಿಯಲ್ಲಿ ವರ ಮತ್ತು ವಧು ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ, ಆ ಹೆಸರು ಹಿಡಿದು ಜನನ ನೋಂದಣಿಗೆ ಹೋದರೆ ತಾಯಿಯ ತವರಿನ ಅಡ್ಡಹೆಸರು ಸಿಗುತ್ತದೆ, ತಂದೆ ತಾಯಿ ಇಬ್ಬರ ಹೆಸರೂ ಗೊತ್ತಾದಾಗ ಅವರ ವಿವಾಹವನ್ನು ಹುಡುಕಬಹುದು. ಮರಣ ನೋಂದಣಿಯಿಂದ ಆರಂಭಿಸಿದವರು ಅಲ್ಲಿಯೇ ನಿಲ್ಲುತ್ತಾರೆ, ಏಕೆಂದರೆ ಹಳೆಯ ಐರಿಷ್ ಮರಣ ನೋಂದಣಿಯಲ್ಲಿ ಮೃತರ ತಂದೆತಾಯಿಯರ ಹೆಸರಿಗೆ ಅಂಕಣವೇ ಇಲ್ಲ. ಎಲ್ಲರ ಜನನ, ಮರಣ, ವಿವಾಹಗಳ ನೋಂದಣಿ ಆರಂಭವಾದದ್ದು 1864ರಲ್ಲಿ. ಕ್ಯಾಥೊಲಿಕರಲ್ಲದವರ ವಿವಾಹಗಳ ನೋಂದಣಿ ಮಾತ್ರ 1845ರಿಂದಲೇ ಇದೆ.

ವಯಸ್ಸನ್ನು ಅಕ್ಷರಶಃ ನಂಬಬಾರದು. 1901ರಲ್ಲಿ ಐವತ್ತೆಂಟು ಎಂದು ಬರೆಸಿದ್ದ ವ್ಯಕ್ತಿ 1911ರಲ್ಲಿ ಎಪ್ಪತ್ತೆರಡು ಎಂದು ಬರೆಸಿದ್ದರೆ ಅವನು ಬೇರೆಯವನೆಂದು ತಳ್ಳಿಹಾಕಬೇಡಿ. ನಡುವೆ, 1909ರ ಜನವರಿಯಲ್ಲಿ, ಎಪ್ಪತ್ತು ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಆರಂಭವಾಯಿತು. ಹಳ್ಳಿಹಳ್ಳಿಗಳಲ್ಲಿ ಜನರ ವಯಸ್ಸು ಇದ್ದಕ್ಕಿದ್ದಂತೆ ಏರಿತು. ಹಾಗೆಯೇ ಬ್ಯಾಪ್ಟಿಸಂ ದಿನಾಂಕ ಜನನ ದಿನಾಂಕಕ್ಕಿಂತ ಹಿಂದಿನದಾಗಿ ಕಾಣಿಸಿದರೆ, ನೋಂದಣಿಯ ಗಡುವು ಮೀರಿದ್ದಕ್ಕೆ ದಂಡ ತಪ್ಪಿಸಿಕೊಳ್ಳಲು ಮನೆಯವರು ಜನನ ದಿನಾಂಕವನ್ನು ಮುಂದಕ್ಕೆ ಹಾಕಿ ಬರೆಸಿದ್ದಾರೆಂದು ಭಾವಿಸಿ, ಚರ್ಚಿನ ದಿನಾಂಕವನ್ನು ಹಿಡಿಯಿರಿ.

## ಹಂತ 3: ಟೌನ್‌ಲ್ಯಾಂಡನ್ನು ಗುರುತಿಸುವುದು

ಇಡೀ ಕೆಲಸದ ಕೀಲಿ ಈ ಹಂತದಲ್ಲಿದೆ. ಟೌನ್‌ಲ್ಯಾಂಡ್ ಎಂಬುದು ಪಟ್ಟಣವಲ್ಲ. ನಮ್ಮ ಮಜರೆ ಗ್ರಾಮದಂಥ, ಹೊಲಗದ್ದೆಗಳ ಸಣ್ಣ ಘಟಕ. ಇಂಥ ಸುಮಾರು 60,000 ಘಟಕಗಳು ಐರ್ಲೆಂಡಿನಲ್ಲಿವೆ. ಅವು ಸೇರಿ ಸಿವಿಲ್ ಪ್ಯಾರಿಷ್, ಅವು ಸೇರಿ ಬ್ಯಾರನಿ, ಅವು ಸೇರಿ ಒಟ್ಟು 32 ಕೌಂಟಿಗಳು. ಕ್ಯಾಥೊಲಿಕ್ ಪ್ಯಾರಿಷ್‌ನ ಗಡಿ ಸಿವಿಲ್ ಪ್ಯಾರಿಷ್‌ನ ಗಡಿಗೆ ಹೊಂದುವುದಿಲ್ಲ ಎಂಬುದನ್ನು ನೆನಪಿಡಬೇಕು.

ನೋಂದಣಿಯಲ್ಲಿ ಬಾಲಿನಸ್ಲೋ ಎಂದಿದ್ದರೆ ಪೂರ್ವಜನು ಬಾಲಿನಸ್ಲೋ ಪಟ್ಟಣದಲ್ಲಿ ಹುಟ್ಟಿದನೆಂದು ಬರೆದುಕೊಳ್ಳುವುದು ಅತ್ಯಂತ ಸಾಮಾನ್ಯವಾದ ತಪ್ಪು. ಅದು ನೋಂದಣಿ ಜಿಲ್ಲೆಯ ಹೆಸರು. ಆ ಜಿಲ್ಲೆ ಗಾಲ್ವೇ, ರೋಸ್ಕಾಮನ್ ಎರಡೂ ಕೌಂಟಿಗಳಲ್ಲಿ ಚಾಚಿತ್ತು. ನಿಜವಾದ ಊರಿನ ಹೆಸರು ದಾಖಲೆಯ ಚಿತ್ರದೊಳಗೆ, ವಾಸಸ್ಥಳದ ಅಂಕಣದಲ್ಲಿ, ಗುಮಾಸ್ತನ ಕೈಬರಹದಲ್ಲಿ ಇರುತ್ತದೆ. ಸೂಚಿಯನ್ನು ಮಾತ್ರ ಓದಿ ಚಿತ್ರವನ್ನು ತೆರೆಯದವರಿಗೆ ಅದು ಕಾಣುವುದೇ ಇಲ್ಲ. ಸಿಕ್ಕ ಹೆಸರನ್ನು ಲಾಗಿನ್ಮ್ ಕೋಶದಲ್ಲಿ ಹಾಕಿ, ಅದೇ ಹೆಸರಿನ ಊರುಗಳು ಎಷ್ಟಿವೆ ಎಂದು ಎಣಿಸಿ, ಪ್ಯಾರಿಷ್ ಹೊಂದುವ ಒಂದನ್ನು ಮಾತ್ರ ಉಳಿಸಿಕೊಳ್ಳಿ.

ಊರು ಏಕೆ ಮುಖ್ಯ ಎಂಬುದಕ್ಕೆ ಇಬ್ಬರು ಪ್ರಸಿದ್ಧರು ಸಾಕು. ಆಸ್ಟ್ರೇಲಿಯಾದ ದಂಗೆಕೋರ ನೆಡ್ ಕೆಲ್ಲಿಯ ತಂದೆ ಟಿಪ್ಪರೇರಿ ಕೌಂಟಿಯಿಂದ 1841ರಲ್ಲಿ ಗಡೀಪಾರಾದವನು. ಮೊನಾಕೋದ ರಾಜಕುಮಾರಿಯಾದ ನಟಿ ಗ್ರೇಸ್ ಕೆಲ್ಲಿಯ ಅಜ್ಜ ಮೇಯೋ ಕೌಂಟಿಯವನು. ಇಬ್ಬರ ಹೆಸರಿಗೂ ಅಂಗಡಿಯಲ್ಲಿ ಸಿಗುವುದು ಈ ವಾನ್ಯದ ಒಂದೇ ಲಾಂಛನ, ಆದರೆ ಅವರ ಊರುಗಳು ಆ ಸೀಮೆಯ ಹೃದಯಭಾಗದಲ್ಲಿಲ್ಲ.

## ಹಂತ 4: 1864ಕ್ಕಿಂತ ಹಿಂದಕ್ಕೆ

ಇಲ್ಲಿಂದ ಮುಂದೆ ದಾಖಲೆ ವಿರಳ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋದಾಗ 1821ರಿಂದ 1851ರವರೆಗಿನ ಜನಗಣತಿಗಳ ಬಹುಪಾಲೂ ಉಯಿಲುಗಳೂ ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟಂಟ್ ಚರ್ಚಿನ ಅರ್ಧಕ್ಕಿಂತ ಹೆಚ್ಚು ರಿಜಿಸ್ಟರುಗಳೂ ನಾಶವಾದವು. 1861ರಿಂದ 1891ರವರೆಗಿನ ಗಣತಿಗಳು ಬೆಂಕಿಗೆ ಮೊದಲೇ ಸರ್ಕಾರದ ಕೈಯಿಂದಲೇ ನಾಶವಾಗಿದ್ದವು. ಈ ವರ್ಷಗಳ ಪೂರ್ಣ ಕುಟುಂಬ ವಿವರ ತೋರಿಸುತ್ತೇವೆ ಎನ್ನುವ ಸೇವೆಯನ್ನು ದೂರವಿಡಿ.

ಉಳಿದಿರುವ ಬದಲಿ ದಾಖಲೆಗಳಲ್ಲಿ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನ ಮುಖ್ಯವಾದುದು. ನಮ್ಮ ಪಹಣಿಯನ್ನು ಓದಿ ಅಭ್ಯಾಸವಿರುವವರಿಗೆ ಇದು ಹೊಸದೆನಿಸುವುದಿಲ್ಲ: ಸ್ವಾಧೀನದಲ್ಲಿರುವವನು, ಅವನಿಗೆ ಗೇಣಿಗೆ ಕೊಟ್ಟವನು, ಆಸ್ತಿಯ ವಿವರ, ವಿಸ್ತೀರ್ಣ, ತೆರಿಗೆಗಾಗಿ ಕಟ್ಟಿದ ಬೆಲೆ ಎಂಬ ಅಂಕಣಗಳು ಊರುವಾರು ಇವೆ. ಒಂದೇ ಊರಿನಲ್ಲಿ ಇಬ್ಬರು ಜಾನ್ ಕೆಲ್ಲಿಗಳಿದ್ದರೆ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ತಂದೆಯ ಹೆಸರನ್ನೋ ಅಡ್ಡಗುರುತನ್ನೋ ಬರೆದಿರುತ್ತಾರೆ. ಕೆಲ್ಲಿಯಂಥ ಹೆಸರಿಗೆ ಆ ಆವರಣವೇ ಬಂಗಾರ. ಇದಕ್ಕೂ ಹಿಂದಿನದು 1823ರಿಂದ 1838ರವರೆಗಿನ, ಚರ್ಚಿಗೆ ಸಲ್ಲುತ್ತಿದ್ದ ದಶಮಾಂಶ ತೆರಿಗೆಯ ಪುಸ್ತಕಗಳು. ಎರಡರಲ್ಲೂ ಇರುವುದು ಮನೆಯ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳದ್ದಲ್ಲ. ಆದುದರಿಂದ ಹೆಸರು ಹೊಂದಿದ ಮಾತ್ರಕ್ಕೆ ನಿಮ್ಮವನೇ ಎಂದು ಬರೆಯಬಾರದು.

ಕ್ಯಾಥೊಲಿಕ್ ರಿಜಿಸ್ಟರುಗಳು ಹಲವೆಡೆ ಲ್ಯಾಟಿನ್ನಿನಲ್ಲಿವೆ. ಯಾಕೋಬುಸ್ ಎಂದರೆ ಜೇಮ್ಸ್, ಯೊಹಾನ್ನೆಸ್ ಎಂದರೆ ಜಾನ್, ಗುಲಿಯೆಲ್ಮುಸ್ ಎಂದರೆ ವಿಲಿಯಂ ಎಂಬ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ಪದ್ಧತಿ ವ್ಯಾಪಕವಾಗಿತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮಗೆ ಹೊಸದಲ್ಲ. ಇದು ಸುಳಿವಾಗುತ್ತದೆ, ಸಾಕ್ಷ್ಯವಾಗುವುದಿಲ್ಲ.

## ಹಂತ 5: ಊರಿನಿಂದ ಕುಲಕ್ಕೆ

ಊರು ಸಿಕ್ಕ ನಂತರ ಅದನ್ನು ನಕಾಶೆಯಲ್ಲಿಟ್ಟು, ಆ ಸೀಮೆಯಲ್ಲಿ ಯಾವ ಕೆಲ್ಲಿ ಕುಲ ನೆಲೆಸಿತ್ತೆಂದು ನೋಡಬೇಕು. 1943ರಲ್ಲಿ ಐರ್ಲೆಂಡಿನ ಮೊದಲ ಮುಖ್ಯ ಲಾಂಛನಾಧಿಕಾರಿಯಾದ ಎಡ್ವರ್ಡ್ ಮ್ಯಾಕ್‌ಲೈಸಾಟ್ ಅಡ್ಡಹೆಸರುಗಳನ್ನು ಕುರಿತು ಬರೆದ ಕೃತಿಗಳು ಇಂದಿಗೂ ಮೊದಲ ಆಕರ. ಗ್ರಿಫಿತ್ ದಾಖಲೆಯಲ್ಲಿ ಆ ಪ್ಯಾರಿಷ್‌ನಲ್ಲಿ ಎಷ್ಟು ಕೆಲ್ಲಿ ಮನೆಗಳಿದ್ದವೆಂದು ನೀವೇ ಎಣಿಸುವುದೂ ಒಳ್ಳೆಯದು. ನೂರು ಮನೆಗಳಿದ್ದರೆ ಅದು ಹಳೆಯ ನೆಲೆ, ಒಂದೇ ಇದ್ದರೆ ವಲಸೆ ಬಂದವನಿರಬಹುದು.

ಇಲ್ಲಿ ಸಾಮಾನ್ಯವಾಗಿ ದೊರೆಯುವುದು ಸಂಭಾವ್ಯತೆ ಮಾತ್ರ. 1800ರ ರೈತನನ್ನು 1500ರ ಗೇಲಿಕ್ ಮುಖ್ಯಸ್ಥನಿಗೆ ಜೋಡಿಸುವ ಕಾಗದ ಬಹುತೇಕ ಕುಟುಂಬಗಳಿಗೆ ಇಲ್ಲ. ಸಂಭಾವ್ಯತೆಯನ್ನು ಸಂಭಾವ್ಯತೆ ಎಂದೇ ಬರೆಯಿರಿ.

ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ, ಅಡ್ಡಹೆಸರಿನಂತೆಯೇ ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆಯನ್ನೇ, ಆ ಹೆಸರನ್ನು ಗಂಡುಪೀಳಿಗೆಯಿಂದ ಪಡೆದ ಪುರುಷನೊಬ್ಬನಿಗೆ ಮಾಡಿಸಬೇಕು. ಸಾಮಾನ್ಯ ಜನಾಂಗೀಯ ಶೇಕಡಾವಾರು ವರದಿ ಕುಲವನ್ನು ಹೇಳಲಾರದು. ದತ್ತು, ತಾಯಿಯ ಹೆಸರನ್ನು ಹಿಡಿದದ್ದು, ಸೈನ್ಯಕ್ಕೆ ಸುಳ್ಳು ಹೆಸರಿನಲ್ಲಿ ಸೇರಿದ್ದು ಇಂಥ ಕಾರಣಗಳಿಂದ ಫಲಿತಾಂಶ ಹೆಸರಿಗೆ ಹೊಂದದೆ ಹೋಗಬಹುದು. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

## ಹಂತ 6: ಲಾಂಛನವನ್ನು ಓದುವುದು

ಲಾಂಛನದ ಮೂಲ ಅದರ ಚಿತ್ರದಲ್ಲಿಲ್ಲ. ಬ್ಲೇಜನ್ ಎಂದು ಕರೆಯುವ ಲಿಖಿತ ವರ್ಣನೆಯಲ್ಲಿದೆ. ಬ್ಲೇಜನ್‌ಗೆ ಹೊಂದುವಂತೆ ಹತ್ತು ಚಿತ್ರಕಾರರು ಹತ್ತು ರೀತಿಯಲ್ಲಿ ಬಿಡಿಸಿದರೂ ಲಾಂಛನ ಒಂದೇ. ಈ ವಾನ್ಯದ ಓಕೆಲ್ಲಿಗಳ ಬ್ಲೇಜನ್ ಕನ್ನಡದಲ್ಲಿ ಹೀಗಾಗುತ್ತದೆ: ನೀಲಿ ನೆಲದ ಮೇಲೆ ಮೂರು ಗೋಪುರಗಳುಳ್ಳ ಬುರುಜು, ಅದನ್ನು ಆಧರಿಸಿ ಹಿಂಗಾಲ ಮೇಲೆ ಎದ್ದು ನಿಂತ ಎರಡು ಸಿಂಹಗಳು, ಎಲ್ಲವೂ ಬೆಳ್ಳಿಯವು, ಬುರುಜಿನ ತುದಿಯಿಂದ ಸಿಂಹಗಳ ಕಾಲುಗಳ ನಡುವೆ ಇಳಿಬಿಟ್ಟ ಎರಡು ಚಿನ್ನದ ಸರಪಳಿಗಳು.

ಗುರಾಣಿಯ ಮೇಲೆ, ಶಿರಸ್ತ್ರಾಣದ ತುದಿಯಲ್ಲಿ ಕೂರುವ ಚಿಹ್ನೆಗೆ ಮಾತ್ರ ಕ್ರೆಸ್ಟ್ ಎಂದು ಹೆಸರು. ಇಡೀ ಲಾಂಛನವನ್ನು ಫ್ಯಾಮಿಲಿ ಕ್ರೆಸ್ಟ್ ಎಂದು ಕರೆಯುವ ಅಂಗಡಿಗೆ ತನ್ನ ಸರಕಿನ ಪರಿಚಯವೇ ಇಲ್ಲ ಎಂದರ್ಥ. ಓಕೆಲ್ಲಿಗಳ ಕ್ರೆಸ್ಟ್ ಹಸಿರು ಎನ್‌ಫೀಲ್ಡ್: ನರಿಯ ತಲೆ, ಹದ್ದಿನ ಮುಂಗಾಲು, ಬೇಟೆನಾಯಿಯ ಎದೆ, ಸಿಂಹದ ಮೈ, ತೋಳದ ಹಿಂಭಾಗವುಳ್ಳ ಕಲ್ಪಿತ ಮೃಗ. ಗಂಡಭೇರುಂಡವನ್ನೂ ಶರಭವನ್ನೂ ಕಂಡ ನಮ್ಮ ಕಣ್ಣಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ, ಆದರೆ ಕಲಾವಿದರು ಇದನ್ನು ಎಷ್ಟೋ ಸಲ ಬರೀ ಹಸಿರು ನಾಯಿಯಾಗಿ ಬಿಡಿಸುತ್ತಾರೆ. ಮುಂಗಾಲಿನಲ್ಲಿ ಹದ್ದಿನ ಉಗುರುಗಳಿವೆಯೇ ನೋಡಿ. ಧ್ಯೇಯವಾಕ್ಯ ಲ್ಯಾಟಿನ್ನಿನದು, ತುರ್ರಿಸ್ ಫೋರ್ತಿಸ್ ಮಿಹಿ ದೇವುಸ್. ದೇವರೇ ನನಗೆ ಭದ್ರವಾದ ಬುರುಜು ಎಂದು ಅರ್ಥ.

ಬಣ್ಣಗಳಿಗೆ ಹಳೆಯ ಫ್ರೆಂಚ್ ಪದಗಳಿವೆ: ಓರ್ ಚಿನ್ನ, ಆರ್ಜೆಂಟ್ ಬೆಳ್ಳಿ, ಅಝ್ಯೂರ್ ನೀಲಿ, ಗ್ಯೂಲ್ಸ್ ಕೆಂಪು, ವರ್ಟ್ ಹಸಿರು, ಸೇಬಲ್ ಕಪ್ಪು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಬರಬಾರದೆಂಬುದು ನಿಯಮ. ನೀಲಿ ಗುರಾಣಿಯ ಮೇಲೆ ಕೆಂಪು ಸಿಂಹ ಕಂಡರೆ ಚಿತ್ರ ತಪ್ಪಿರುವ ಸಂಭವ ಹೆಚ್ಚು. ಬಲ ಎಡಗಳನ್ನು ಗುರಾಣಿ ಹಿಡಿದವನ ಕಡೆಯಿಂದ ಲೆಕ್ಕಹಾಕಬೇಕು; ಬ್ಲೇಜನ್‌ನಲ್ಲಿ ಬಲ ಎಂದಿದ್ದರೆ ಅದು ನೋಡುವವರ ಎಡಕ್ಕೆ ಬರುತ್ತದೆ.

## ಹಂತ 7: ಹಕ್ಕು ಯಾರದೆಂದು ನಿರ್ಧರಿಸುವುದು

ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ. ಅದನ್ನು ಪಡೆದ ಒಬ್ಬ ವ್ಯಕ್ತಿಗೂ ಅವನ ವಂಶಜರಿಗೂ ಸೇರಿದ್ದು. ಆದರೆ ಐರ್ಲೆಂಡಿನಲ್ಲಿ ಕುಲಲಾಂಛನ ಎಂಬ ಮಧ್ಯಮಾರ್ಗವೊಂದು ಬೆಳೆದಿದೆ: ಮುಖ್ಯಸ್ಥನ ಮನೆತನದ ಲಾಂಛನವನ್ನು ಆ ಕುಲದವರು ಮನೆಯ ಗೋಡೆಯಲ್ಲಿ ಪ್ರದರ್ಶಿಸಿದರೆ ಆಕ್ಷೇಪವಿಲ್ಲ, ಸ್ವಂತದ್ದೆಂದು ಲೆಟರ್‌ಹೆಡ್ಡಿನಲ್ಲೋ ಉಂಗುರದ ಮುದ್ರೆಯಲ್ಲೋ ಬಳಸುವಂತಿಲ್ಲ. ಈ ವಾನ್ಯದವರಲ್ಲದ ಕೆಲ್ಲಿಗಳಿಗೆ ಪ್ರದರ್ಶನದ ಈ ಸಲುಗೆಯೂ ನ್ಯಾಯವಾಗಿ ಸಲ್ಲದು. ಆದ್ದರಿಂದಲೇ ಐದನೆಯ ಹಂತವನ್ನು ದಾಟದೆ ಇಲ್ಲಿಗೆ ಬರಬೇಡಿ.

1552ರಿಂದ ಐರ್ಲೆಂಡಿನ ಲಾಂಛನಗಳನ್ನು ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್ ಎಂಬ ಅಧಿಕಾರಿ ನೋಡಿಕೊಳ್ಳುತ್ತಿದ್ದರು. 1943ರಲ್ಲಿ ಆ ಕಚೇರಿ ಐರ್ಲೆಂಡ್ ಸರ್ಕಾರಕ್ಕೆ ಹಸ್ತಾಂತರವಾಯಿತು. ಈಗ ಮುಖ್ಯ ಲಾಂಛನಾಧಿಕಾರಿಯ ಕಚೇರಿ ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದ ಭಾಗ. ಉತ್ತರ ಐರ್ಲೆಂಡಿನ ಹೊಣೆ ಲಂಡನ್ನಿನ 'ನಾರಾಯ್ ಮತ್ತು ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್' ಎಂಬ ಅಧಿಕಾರಿಯದು. ನಿಮ್ಮ ನೇರ ಪೂರ್ವಜನಿಗೆ ಲಾಂಛನ ದೊರೆತಿತ್ತೆಂಬ ಮಾತು ಮನೆಯಲ್ಲಿದ್ದರೆ ಅಲ್ಸ್ಟರ್ ಕಚೇರಿಯ ಹಳೆಯ ರಿಜಿಸ್ಟರುಗಳಲ್ಲಿ ಅವನ ಹೆಸರು, ವರ್ಷ, ವಾಸಸ್ಥಳಗಳನ್ನು ಹುಡುಕಿ. ಅಡ್ಡಹೆಸರು ಹೊಂದಿದ್ದಷ್ಟೇ ಸಾಲದು.

ಎಚ್ಚರಿಕೆಯ ಸೂಚನೆಗಳು ಸುಲಭವಾಗಿ ಕಾಣುತ್ತವೆ. ಊರನ್ನು ಕೇಳದೆ ಅಡ್ಡಹೆಸರೊಂದನ್ನೇ ಕೇಳಿ ಪ್ರಮಾಣಪತ್ರ ಕೊಡುವುದು, ಬ್ಲೇಜನ್ ಇಲ್ಲದೆ ಚಿತ್ರ ಮಾತ್ರ ಕೊಡುವುದು, ಯಾರಿಗೆ ಯಾವ ವರ್ಷ ದೊರೆತ ಲಾಂಛನವೆಂದು ಹೇಳದಿರುವುದು, ಲಾರ್ಡ್ ಎಂದೋ ಕುಲದ ಮುಖ್ಯಸ್ಥನೆಂದೋ ಬಿರುದನ್ನು ಮಾರುವುದು. ಈ ಕೊನೆಯದರಲ್ಲಿ ಕಚೇರಿಯೇ ಮೋಸಹೋದದ್ದುಂಟು: ಮ್ಯಾಕಾರ್ತಿ ಮೋರ್ ಎಂಬ ಮುಖ್ಯಸ್ಥಪದವಿಗೆ ಒಬ್ಬರಿಗೆ 1992ರಲ್ಲಿ ಕೊಟ್ಟ ಮಾನ್ಯತೆಯನ್ನು ವಂಶಾವಳಿ ನಿಲ್ಲದ ಕಾರಣ 1999ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು, 2003ರಲ್ಲಿ ಇಂಥ ಮಾನ್ಯತೆಯ ಪದ್ಧತಿಯನ್ನೇ ಕೈಬಿಡಲಾಯಿತು.

## ಹಂತ 8: ಹೊಸ ಲಾಂಛನಕ್ಕೆ ಅರ್ಜಿ

ಯಾವ ಲಾಂಛನವೂ ನಿಮ್ಮದಲ್ಲವೆಂದು ಖಚಿತವಾದರೆ, ಮತ್ತು ಲಾಂಛನ ಬೇಕೇ ಬೇಕು ಎಂದಿದ್ದರೆ, ಮುಖ್ಯ ಲಾಂಛನಾಧಿಕಾರಿಗೆ ಅರ್ಜಿ ಹಾಕಬಹುದು. ಐರಿಷ್ ಪ್ರಜೆಗಳೂ ಐರಿಷ್ ಮೂಲವನ್ನು ದಾಖಲೆಯಿಂದ ತೋರಿಸಬಲ್ಲ ಹೊರದೇಶದವರೂ ಅರ್ಹರು. ಐರಿಷ್ ಪೌರತ್ವ ಪಡೆದ ಕನ್ನಡಿಗರಿಗೂ ಬಾಗಿಲು ತೆರೆದಿದೆ. ಮೂರು ತಲೆಮಾರು ಮತ್ತು ನೂರು ವರ್ಷಗಳಿಂದ ಒಂದು ಲಾಂಛನವನ್ನು ಕುಟುಂಬ ಬಳಸುತ್ತ ಬಂದಿದೆಯೆಂದು ತೋರಿಸಿದವರಿಗೆ ಹೊಸ ಲಾಂಛನ ಕೊಡುವ ಬದಲು ದೃಢೀಕರಣ ಕೊಡುವ ಪದ್ಧತಿಯೂ ಇದೆ. ಆಗ ಹಳೆಯ ಬೆಳ್ಳಿ ಚಮಚ, ಅಂಟುಮುದ್ರೆ, ಸಮಾಧಿಕಲ್ಲುಗಳ ಛಾಯಾಚಿತ್ರಗಳನ್ನು ದಿನಾಂಕದೊಂದಿಗೆ ಲಗತ್ತಿಸಬೇಕು.

ಅರ್ಜಿಗೆ ಜನನ, ವಿವಾಹ ಪ್ರಮಾಣಪತ್ರಗಳ ಸರಣಿ ಬೇಕಾಗುತ್ತದೆ. ಎರಡನೆಯ ಹಂತವನ್ನು ಸರಿಯಾಗಿ ಮಾಡಿದವರ ಬಳಿ ಅದು ಆಗಲೇ ಸಿದ್ಧವಾಗಿರುತ್ತದೆ. ವಿನ್ಯಾಸವನ್ನು ಅಧಿಕಾರಿಯೊಂದಿಗೆ ಚರ್ಚಿಸಿ ಒಪ್ಪಿದ ಮೇಲೆ ಅದು ತೊಗಲಿನ ಹಾಳೆಯ ಮೇಲೆ ಕೈಯಿಂದ ಬಿಡಿಸಿದ ಪತ್ರವಾಗಿ ಬರುತ್ತದೆ, ರಿಜಿಸ್ಟರಿನಲ್ಲಿ ನಮೂದಾಗುತ್ತದೆ. ಚಿತ್ರ ನೋಡುವ ಮೊದಲು ಬ್ಲೇಜನ್‌ನ ಕರಡನ್ನು ಪದಪದವಾಗಿ ಓದಿ. ನಮೂದಾದ ಮೇಲೆ ಒಂದು ಬಣ್ಣದ ಪದವನ್ನು ತಿದ್ದಿಸುವುದು ಕಷ್ಟ.